ಉಸಿರಿನ ಮಾರ್ಗ: ಶ್ವಾಸಾಂಗಗಳ ರಚನೆ, ಕಾರ್ಯ ಮತ್ತು ರಕ್ಷಣೆ

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತ ಸಾಧಕನಿಗೆ ಮೊದಲು ಅರಿವಿಗೆ ಬರುವುದು ತನ್ನ ಉಸಿರೇ. ಷಟ್‌ಸ್ಥಲಗಳಲ್ಲಿ ನಾಲ್ಕನೆಯದಕ್ಕೆ ಪ್ರಾಣಲಿಂಗಿಸ್ಥಲವೆಂದೇ ಹೆಸರು. ಪ್ರಾಣಕ್ಕೂ ಉಸಿರಿಗೂ ಇರುವ ನಂಟನ್ನು ನಮ್ಮ ಪರಂಪರೆ ಅಷ್ಟು ಆಳವಾಗಿ ಗುರುತಿಸಿದೆ. ಆದರೆ ಪೂಜೆ ಮುಗಿಸಿ ಎದ್ದೊಡನೆ ನಾವು ಉಸಿರನ್ನು ಮರೆಯುತ್ತೇವೆ. ಅದು ತೊಡಕಿಲ್ಲದೆ ನಡೆಯುತ್ತಿರುವವರೆಗೂ ಅದರ ನೆನಪು ನಮಗಾಗುವುದಿಲ್ಲ.

ಜಾತ್ರೆ, ಶಿವಾನುಭವ ಗೋಷ್ಠಿಗಳಿಗೆ ಬರುವ ಹಿರಿಯ ತಾಯಂದಿರನ್ನು ಗಮನಿಸಿ ನೋಡಿ. ಕೆಲವು ವರ್ಷಗಳ ಹಿಂದೆ ಗದ್ದುಗೆಯ ಮೆಟ್ಟಿಲುಗಳನ್ನು ಒಂದೇ ದಮ್ಮಿಗೆ ಹತ್ತುತ್ತಿದ್ದವರು ಈಗ ನಾಲ್ಕನೆಯ ಮೆಟ್ಟಿಲಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾರೆ. ‘ವಯಸ್ಸಾಯಿತಲ್ಲ’ ಎಂದು ಅವರೂ ನಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಆ ಏದುಸಿರು ಕೇವಲ ವಯಸ್ಸಿನದಾಗಿರದೆ, ನಲವತ್ತು ವರ್ಷ ಸೌದೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದುದರ ಫಲವಾಗಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಶ್ವಾಸಕೋಶವು ತನ್ನ ನಷ್ಟವನ್ನು ಬಹುಕಾಲ ಬಚ್ಚಿಟ್ಟುಕೊಳ್ಳುವ ಅಂಗ. ಏಕೆ ಹಾಗೆ ಎಂಬುದನ್ನು ತಿಳಿಯಬೇಕಾದರೆ ಅದರ ರಚನೆಯನ್ನೂ ಕಾರ್ಯವನ್ನೂ ಮೊದಲು ಅರಿಯಬೇಕು.

ಮೂಗು: ಉಸಿರಿನ ಹೆಬ್ಬಾಗಿಲು

ಆರೋಗ್ಯವಂತ ವಯಸ್ಕ ವ್ಯಕ್ತಿಯು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 12ರಿಂದ 18 ಸಲ ಉಸಿರಾಡುತ್ತಾನೆ. ಪ್ರತಿ ಉಸಿರಿನಲ್ಲಿ ಒಳಹೋಗುವುದು ಸುಮಾರು ಅರ್ಧ ಲೀಟರ್ ಗಾಳಿ. ಈ ಲೆಕ್ಕದಂತೆ ಒಂದು ದಿನಕ್ಕೆ ಸರಿಸುಮಾರು 20,000 ಉಸಿರು, 10,000 ಲೀಟರ್ ಗಾಳಿ. ನಾವು ಉಣ್ಣುವ ಅನ್ನವನ್ನು ಆರಿಸುತ್ತೇವೆ, ಕುಡಿಯುವ ನೀರನ್ನು ಸೋಸುತ್ತೇವೆ. ಇಷ್ಟೊಂದು ಗಾಳಿಯನ್ನು ಸೋಸುವ ಹೊಣೆಯನ್ನು ಮಾತ್ರ ಪೂರ್ತಿಯಾಗಿ ದೇಹಕ್ಕೇ ಬಿಟ್ಟಿದ್ದೇವೆ.

ಆ ಕೆಲಸ ಮೂಗಿನಿಂದಲೇ ಆರಂಭವಾಗುತ್ತದೆ. ಹೊಳ್ಳೆಗಳ ಕೂದಲು ದೊಡ್ಡ ಧೂಳಿನ ಕಣಗಳನ್ನು ತಡೆಯುತ್ತದೆ. ಮೂಗಿನ ಒಳಗೋಡೆಯಲ್ಲಿ ಸುರುಳಿಯಂತೆ ಬಾಗಿದ ಮೂಳೆಗಳಿದ್ದು, ಅವುಗಳ ಮೇಲೆ ರಕ್ತನಾಳಗಳಿಂದ ತುಂಬಿದ ತೇವದ ಪೊರೆ ಹರಡಿಕೊಂಡಿದೆ. ಒಳಬಂದ ಗಾಳಿ ಈ ಸುರುಳಿಗಳ ನಡುವೆ ಸುತ್ತಿ ಸಾಗುವಾಗ ದೇಹದ ಉಷ್ಣತೆಗೆ ಹೊಂದಿಕೊಳ್ಳುತ್ತದೆ, ತೇವಗೊಳ್ಳುತ್ತದೆ ಮತ್ತು ಧೂಳನ್ನು ಸಿಂಬಳಕ್ಕೆ ಒಪ್ಪಿಸಿ ಮುಂದೆ ಹೋಗುತ್ತದೆ. ಬಾಯಿಯಿಂದ ಉಸಿರಾಡುವವರಿಗೆ ಈ ಸೌಕರ್ಯ ದೊರೆಯದು. ಹಿರಿಯರು ಮಕ್ಕಳಿಗೆ ‘ಬಾಯಿ ಮುಚ್ಚಿ ಉಸಿರಾಡು’ ಎನ್ನುತ್ತಿದ್ದುದು ಅರ್ಥವಿಲ್ಲದ ಮಾತಲ್ಲ.

ಗಂಟಲು ಮತ್ತು ಶ್ವಾಸನಾಳ

ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಕೂಡುತ್ತವೆ. ಮುಂಭಾಗದಲ್ಲಿ ಧ್ವನಿಪೆಟ್ಟಿಗೆಯೂ ಅದರ ಕೆಳಗೆ ಶ್ವಾಸನಾಳವೂ ಇವೆ, ಹಿಂಭಾಗದಲ್ಲಿ ಅನ್ನನಾಳ. ನಾವು ತುತ್ತು ನುಂಗುವಾಗ ಧ್ವನಿಪೆಟ್ಟಿಗೆಯು ಮೇಲಕ್ಕೆ ಸರಿಯುತ್ತದೆ ಮತ್ತು ಎಲೆಯಾಕಾರದ ಮೃದ್ವಸ್ಥಿಯ ಮುಚ್ಚಳವೊಂದು ಉಸಿರಿನ ದಾರಿಯ ಮೇಲೆ ಬಾಗುತ್ತದೆ. ಆ ಕ್ಷಣದಲ್ಲಿ ನಕ್ಕರೆ ಅಥವಾ ಮಾತನಾಡಿದರೆ ತುತ್ತು ದಾರಿ ತಪ್ಪುತ್ತದೆ. ಕೂಡಲೇ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ. ಪ್ರಸಾದವನ್ನು ಮೌನದಿಂದ, ನಿಧಾನವಾಗಿ ಸ್ವೀಕರಿಸುವ ಪದ್ಧತಿ ಉಸಿರಿನ ದಾರಿಗೂ ಹಿತಕರವಾದುದು.

ಶ್ವಾಸನಾಳವು ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಕೊಳವೆ. ಕುದುರೆಲಾಳದ ಆಕಾರದ 16ರಿಂದ 20 ಮೃದ್ವಸ್ಥಿಯ ಬಳೆಗಳು ಅದು ಕುಸಿದು ಮುಚ್ಚದಂತೆ ಸದಾ ತೆರೆದಿಡುತ್ತವೆ. ಎದೆಯೊಳಗೆ ಅದು ಎರಡು ಕವಲಾಗುತ್ತದೆ. ಬಲಗವಲು ಎಡಗವಲಿಗಿಂತ ಅಗಲವಾಗಿಯೂ ಹೆಚ್ಚು ನೇರವಾಗಿಯೂ ಇರುವುದರಿಂದ, ಮಕ್ಕಳು ನುಂಗುವಾಗ ದಾರಿತಪ್ಪಿದ ಶೇಂಗಾ, ಕಡಲೆ, ಗುಂಡಿಗಳು ಬಹುಮಟ್ಟಿಗೆ ಬಲಗಡೆಯೇ ಸಿಕ್ಕಿಕೊಳ್ಳುತ್ತವೆ. ಚಿಕ್ಕ ಮಕ್ಕಳಿಗೆ ಇಡಿ ಶೇಂಗಾ ಕೊಡಬಾರದು. ಆಡುತ್ತಿದ್ದ ಮಗುವಿಗೆ ಒಮ್ಮೆಲೇ ಕೆಮ್ಮು ಹತ್ತಿ, ಆ ಬಳಿಕ ಎದೆಯಲ್ಲಿ ಶಿಳ್ಳೆಯಂಥ ಶಬ್ದ ಉಳಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮ ರೋಮಗಳಿವೆ. ಅವುಗಳ ಮೇಲೆ ಅಂಟಾದ ಲೋಳೆಯ ತೆಳುಪದರವಿದೆ. ಮೂಗನ್ನು ದಾಟಿ ಬಂದ ಧೂಳು, ರೋಗಾಣುಗಳು ಈ ಲೋಳೆಗೆ ಅಂಟಿಕೊಳ್ಳುತ್ತವೆ. ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಗಾಳಿಗೆ ತಲೆಬಾಗಿದ ಜೋಳದ ಹೊಲದಂತೆ ಅಲೆಯೆಬ್ಬಿಸಿ, ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಹಗಲೂ ಇರುಳೂ ನಿಲ್ಲದ ಈ ಕಾಯಕವನ್ನು ನಿಲ್ಲಿಸಬಲ್ಲದ್ದು ಹೊಗೆ. ಬೀಡಿ, ಸಿಗರೇಟು, ಒಲೆ ಯಾವುದರ ಹೊಗೆಯಾದರೂ ರೋಮಗಳನ್ನು ಮಂಕುಗೊಳಿಸುತ್ತದೆ, ದೀರ್ಘಕಾಲದಲ್ಲಿ ನಾಶಮಾಡುತ್ತದೆ. ಆಗ ಕಫವನ್ನು ಹೊರಹಾಕಲು ದೇಹಕ್ಕೆ ಉಳಿಯುವ ಉಪಾಯ ಕೆಮ್ಮೊಂದೇ.

ವಾಯುಕೋಶಗಳು: ಗಾಳಿ ಮತ್ತು ರಕ್ತದ ಸಂಗಮ

ಬಲ ಶ್ವಾಸಕೋಶಕ್ಕೆ ಮೂರು ಹಾಳೆಗಳು, ಎಡ ಶ್ವಾಸಕೋಶಕ್ಕೆ ಎರಡು. ಹೃದಯಕ್ಕೆ ಎಡಗಡೆ ಜಾಗ ಬೇಕಾದುದರಿಂದ ಈ ವ್ಯತ್ಯಾಸ. ಶ್ವಾಸನಾಳವು ಇವುಗಳೊಳಗೆ ಬುಡಮೇಲಾದ ಮರದಂತೆ ಸುಮಾರು 23 ಹಂತಗಳಲ್ಲಿ ಕವಲೊಡೆಯುತ್ತ ಹೋಗುತ್ತದೆ. ಕೊನೆಯ ರೆಂಬೆಗಳ ತುದಿಯಲ್ಲಿ ದ್ರಾಕ್ಷಿಗೊಂಚಲಿನಂತೆ ವಾಯುಕೋಶಗಳಿವೆ. ಒಂದೊಂದರ ಅಗಲ ಸುಮಾರು 0.2 ಮಿಲಿಮೀಟರ್, ಎರಡೂ ಶ್ವಾಸಕೋಶಗಳಲ್ಲಿ ಸೇರಿ ಅವುಗಳ ಸಂಖ್ಯೆ 30 ಕೋಟಿಗೂ ಮಿಗಿಲು. ಇವನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಒಂದು ಸಾಧಾರಣ ಮನೆಯ ನೆಲದಷ್ಟು ವಿಸ್ತಾರವಾಗುತ್ತದೆ.

ಪ್ರತಿಯೊಂದು ವಾಯುಕೋಶವನ್ನೂ ಕೂದಲಿಗಿಂತ ಎಷ್ಟೋ ತೆಳುವಾದ ಲೋಮನಾಳಗಳು ಬಲೆಯಂತೆ ಸುತ್ತುವರಿದಿವೆ. ರಕ್ತವು ದೇಹದಲ್ಲಿ ಸುತ್ತುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದ್ದನು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತವು ದಾಟುವ ದಾರಿ ಅವನಿಗೆ ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿಯು ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶವನ್ನು ಪರೀಕ್ಷಿಸುವಾಗ ಈ ಲೋಮನಾಳಗಳನ್ನು ಕಂಡನು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆಮ್ಲಜನಕವು ಈ ಗೋಡೆಯನ್ನು ದಾಟಿ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನನ್ನು ಸೇರುತ್ತದೆ; ಇಂಗಾಲದ ಡೈಆಕ್ಸೈಡ್ ಅದೇ ಗೋಡೆಯನ್ನು ದಾಟಿ ಗಾಳಿಗೆ ಬರುತ್ತದೆ. ಒಳಸೇರುವ ಗಾಳಿಯಲ್ಲಿ ಶೇಕಡಾ 21ರಷ್ಟಿದ್ದ ಆಮ್ಲಜನಕ ಹೊರಬರುವಾಗ ಶೇಕಡಾ 16ಕ್ಕೆ ಇಳಿದಿರುತ್ತದೆ, ಶೇಕಡಾ 0.04ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಶೇಕಡಾ 4ಕ್ಕೆ ಏರಿರುತ್ತದೆ.

ಎದೆಗೂಡಿನ ತಿದಿ, ಮೆದುಳಿನ ಕಾವಲು

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಅದನ್ನು ಹಿಗ್ಗಿಸುವುದು ಎದೆಗೂಡು ಮತ್ತು ಅದರ ತಳದಲ್ಲಿ ಗುಮ್ಮಟದಂತೆ ನಿಂತಿರುವ ವಪೆ ಎಂಬ ಸ್ನಾಯು. ಉಸಿರು ಎಳೆಯುವಾಗ ವಪೆಯು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎದೆಯೊಳಗಿನ ಒತ್ತಡ ತಗ್ಗುತ್ತದೆ. ಕಮ್ಮಾರನ ತಿದಿಯೊಳಗೆ ಗಾಳಿ ನುಗ್ಗುವಂತೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಉಸಿರು ಬಿಡುವಾಗ ಹಿಗ್ಗಿದ್ದ ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನಾಗಿಯೇ ಕುಗ್ಗುತ್ತದೆ. ಶ್ವಾಸಕೋಶ ಮತ್ತು ಎದೆಗೋಡೆಗಳ ನಡುವೆ ಎರಡು ಪದರದ ಪೊರೆಯೂ ಅತ್ಯಲ್ಪ ದ್ರವವೂ ಇದ್ದು, ಈ ಚಲನೆಯು ಉಜ್ಜಾಟವಿಲ್ಲದೆ ನಡೆಯುತ್ತದೆ.

ಈ ತಿದಿಯ ತಾಳವನ್ನು ನಿಯಂತ್ರಿಸುವುದು ಮೆದುಳಿನ ಬುಡದಲ್ಲಿರುವ ಕೇಂದ್ರ. ನಾವು ಸ್ವಲ್ಪ ಹೊತ್ತು ಉಸಿರನ್ನು ಬಿಗಿಹಿಡಿಯಬಲ್ಲೆವು. ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒಂದು ಮಟ್ಟವನ್ನು ಮೀರಿದೊಡನೆ ಈ ಕೇಂದ್ರವು ನಮ್ಮ ಸಂಕಲ್ಪವನ್ನು ಬದಿಗೊತ್ತಿ ಉಸಿರೆಳೆಸುತ್ತದೆ. ನಿದ್ರೆಯಲ್ಲಿ ನಾವು ಉಸಿರಾಡುವುದನ್ನು ಮರೆಯದಿರುವುದು ಈ ಕಾವಲಿನಿಂದಲೇ.

ಶ್ವಾಸಕೋಶದ ಮೀಸಲು

ಶ್ವಾಸಕೋಶವು ನಷ್ಟವನ್ನು ಬಚ್ಚಿಡುತ್ತದೆ ಎಂದು ಮೊದಲು ಹೇಳಿದುದರ ಕಾರಣ ಇಲ್ಲಿದೆ. ವಿಶ್ರಾಂತಿಯಲ್ಲಿ ನಮಗೆ ಬೇಕಾಗುವುದು ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ. ಓಡುವಾಗ, ಭಾರ ಹೊರುವಾಗ ಅದೇ ಶ್ವಾಸಕೋಶವು ನಿಮಿಷಕ್ಕೆ ನೂರು ಲೀಟರಿನವರೆಗೂ ಗಾಳಿಯನ್ನು ಆಡಿಸಬಲ್ಲದು. ಹಗೇವಿನಲ್ಲಿ ಜೋಳ ತುಂಬಿರುವ ಮನೆಯಂತೆ ದೇಹಕ್ಕೆ ಇಲ್ಲಿ ದೊಡ್ಡ ಮೀಸಲಿದೆ. ಹಗೇವಿನ ತಳ ಕಾಣುವವರೆಗೆ ಎಷ್ಟು ಖರ್ಚಾಯಿತೆಂಬುದು ಮನೆಯವರಿಗೆ ತಿಳಿಯುವುದಿಲ್ಲ.

ಈ ಮೀಸಲು ಎಷ್ಟು ದೊಡ್ಡದೆಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಶಸ್ತ್ರಚಿಕಿತ್ಸಕ ಎವರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್ ಪೀಡಿತ ವೈದ್ಯರೊಬ್ಬರ ಒಂದು ಇಡೀ ಶ್ವಾಸಕೋಶವನ್ನೇ ತೆಗೆದುಹಾಕಿದರು. ಆ ರೋಗಿಯು ಉಳಿದ ಒಂದೇ ಶ್ವಾಸಕೋಶದೊಂದಿಗೆ ಚೇತರಿಸಿಕೊಂಡು ಸುಮಾರು 30 ವರ್ಷ ಬಾಳಿದರು. ಶಸ್ತ್ರಚಿಕಿತ್ಸೆ ಮಾಡಿದ ಗ್ರಹಾಂ ಅವರು ಸ್ವತಃ ಬಹಳ ಸಿಗರೇಟು ಸೇದುತ್ತಿದ್ದವರು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂಬುದನ್ನು ಮೊದಲು ನಂಬದಿದ್ದ ಅವರು, 1950ರಲ್ಲಿ ಅರ್ನ್ಸ್ಟ್ ವಿಂಡರ್ ಅವರೊಡನೆ ನಡೆಸಿದ ಅಧ್ಯಯನದಿಂದ ಅದನ್ನು ಮನಗಂಡು ಸಿಗರೇಟನ್ನು ತ್ಯಜಿಸಿದರು. ಆದರೆ 1957ರಲ್ಲಿ ಅದೇ ಕಾಯಿಲೆಯಿಂದಲೇ ತೀರಿಕೊಂಡರು. ಅವರ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ್ದರು.

ಹುಟ್ಟಿದ ಮಗುವಿನಲ್ಲಿ ವಾಯುಕೋಶಗಳು ಪೂರ್ಣವಾಗಿ ಬೆಳೆದಿರುವುದಿಲ್ಲ; ಬಾಲ್ಯದುದ್ದಕ್ಕೂ ಅವು ಹೆಚ್ಚುತ್ತವೆ. ಶ್ವಾಸಕೋಶದ ಸಾಮರ್ಥ್ಯವು ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಶಿಖರ ಮುಟ್ಟಿ, ಅನಂತರ ಪ್ರತಿ ವರ್ಷ ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. ಇದು ಸಹಜ. ಹೊಗೆಗೆ ಒಡ್ಡಿಕೊಂಡವರಲ್ಲಿ ಈ ಇಳಿತ ತ್ವರಿತವಾಗುತ್ತದೆ. ವಾಯುಕೋಶಗಳ ನಡುವಿನ ಗೋಡೆಗಳು ಒಡೆದು, ಸಣ್ಣ ಕೋಶಗಳ ಜಾಗದಲ್ಲಿ ದೊಡ್ಡ ಪೊಳ್ಳುಗಳು ಉಳಿಯುತ್ತವೆ. ಕವಲುನಾಳಗಳು ಊದಿಕೊಂಡು ಕಿರಿದಾಗುತ್ತವೆ. ವೈದ್ಯರು ಇದನ್ನು ಸಿ.ಒ.ಪಿ.ಡಿ. ಎಂದು, ಅಂದರೆ ದೀರ್ಘಕಾಲೀನ ಶ್ವಾಸಾವರೋಧ ರೋಗವೆಂದು ಕರೆಯುತ್ತಾರೆ. ಮೆಟ್ಟಿಲೇರುವಾಗ ಏದುಸಿರು ಬರುವ ಹೊತ್ತಿಗೆ ಮೀಸಲಿನ ಬಹುಭಾಗ ಕರಗಿರುತ್ತದೆ. ಒಡೆದ ವಾಯುಕೋಶಗಳನ್ನು ಔಷಧವಾಗಲಿ, ಪ್ರಾಣಾಯಾಮವಾಗಲಿ ಮರಳಿ ಕಟ್ಟಲಾರವು. ಆದರೆ ಹೊಗೆಯನ್ನು ಬಿಟ್ಟವರಲ್ಲಿ ಇಳಿತದ ವೇಗ ತಗ್ಗುತ್ತದೆ. ಆದುದರಿಂದ ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು.

ನಮ್ಮ ಮನೆಗಳ ಹೊಗೆ

ಹೊಗೆಯೆಂದೊಡನೆ ಬೀಡಿ, ಸಿಗರೇಟು ನೆನಪಾಗುತ್ತವೆ. ಅವು ದೊಡ್ಡ ಶತ್ರುಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಬೀಡಿಯನ್ನು ಮುಟ್ಟಿಯೂ ನೋಡದ ತಾಯಂದಿರಲ್ಲಿ ಇದೇ ರೋಗ ಕಾಣುತ್ತದೆ. ಸೌದೆ, ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಮೂಗಿನ ಕೂದಲನ್ನೂ ರೋಮಗಳನ್ನೂ ತಪ್ಪಿಸಿಕೊಂಡು ನೇರವಾಗಿ ವಾಯುಕೋಶಗಳನ್ನು ತಲುಪುತ್ತವೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಬಡ ಕುಟುಂಬಗಳಿಗೆ ಅಡುಗೆ ಅನಿಲ ದೊರೆತಿದೆ. ಆದರೂ ಸಿಲಿಂಡರ್ ಚಹಾಕ್ಕೆ ಮಾತ್ರ, ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ಸೌದೆಯೇ ಎನ್ನುವ ಮನೆಗಳು ಇಂದಿಗೂ ಇವೆ. ಸೌದೆ ಉರಿಸುವುದು ಅನಿವಾರ್ಯವಾದಲ್ಲಿ ಒಲೆಗೆ ಹೊಗೆಕೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು ರೂಪಿಸಿದ ‘ಅಸ್ತ್ರ ಒಲೆ’ ಈ ಉದ್ದೇಶದ್ದೇ: ಸೌದೆ ಕಡಿಮೆ, ಹೊಗೆ ಮನೆಯ ಹೊರಗೆ.

ಬಾಣಂತಿಯ ಕೋಣೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡವಿಟ್ಟು, ಮಗುವಿಗೆ ಲೋಬಾನದ ಹೊಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಹೊರಡುತ್ತದೆ. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ಮಲಗಿದಲ್ಲಿಯೇ ಪ್ರಾಣ ಕಳೆದುಕೊಳ್ಳಬಹುದು. ತಾಯಿ ಮಗುವಿಗೆ ಬೇಕಾದುದು ಬೆಚ್ಚಗಿನ ಬಟ್ಟೆ, ಹೊಗೆಯಲ್ಲ. ಎಣ್ಣೆ ಹಚ್ಚಿ ಎರೆಯುವಾಗ ಕೂಸಿನ ಮೂಗಿಗೆ ಎಣ್ಣೆ ಬಿಡುವುದನ್ನೂ ಕೈಬಿಡಬೇಕು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಉಂಟಾಗುತ್ತದೆ.

ಸುಗ್ಗಿಯಲ್ಲಿ ರಾಶಿ ಮಾಡುವವರು, ಹತ್ತಿ ಬಿಡಿಸುವ ಗಿರಣಿಯಲ್ಲಿ ದುಡಿಯುವವರು, ಮೆಣಸಿನಕಾಯಿ ಕುಟ್ಟುವವರು, ಕಲ್ಲು ಒಡೆಯುವವರು ಮೂಗು ಬಾಯಿಗಳಿಗೆ ಸರಿಯಾದ ಮಾಸ್ಕ್ ಧರಿಸಬೇಕು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಾಯದ ಕಲೆಯಂತೆ ಗಡುಸಾಗಿಸುತ್ತದೆ. ಕೆಲಸ ಬಿಟ್ಟ ಮೇಲೂ ಆ ರೋಗ ಮುಂದುವರಿಯಬಲ್ಲದು. ನೀರು ಚಿಮುಕಿಸಿ ಕಲ್ಲು ಕೊರೆದರೆ ಧೂಳು ಬಹಳಷ್ಟು ತಗ್ಗುತ್ತದೆ. ಕಾಯಕ ಮಾಡುವ ಕಾಯವನ್ನು ಕಾಯುವುದೂ ಕಾಯಕದ ಭಾಗವೇ ಆಗಿದೆ.

ಯಾವಾಗ ವೈದ್ಯರನ್ನು ಕಾಣಬೇಕು?

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯರೋಗದ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಕಫದಲ್ಲಿ ರಕ್ತ, ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಒಂದು ದಿನವೂ ಮುಂದೂಡಬಾರದು. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳು ಶಾಂತವಾಗಿರುವಾಗ ಅವರ ಉಸಿರನ್ನು ಒಂದು ಪೂರ್ಣ ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ 50, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೆ ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಅದು ನ್ಯುಮೋನಿಯಾ ಆಗಿರಬಹುದು. ಆಗ ಬರೆ ಹಾಕಿಸುವುದರಲ್ಲಿ, ತಾಯಿತ ಕಟ್ಟಿಸುವುದರಲ್ಲಿ ಹೊತ್ತು ಕಳೆಯದೆ ಮಗುವನ್ನು ಆಸ್ಪತ್ರೆಗೆ ಒಯ್ಯಿರಿ.

ನಲವತ್ತು ದಾಟಿದವರು, ವಿಶೇಷವಾಗಿ ಹೊಗೆಗೆ ಒಡ್ಡಿಕೊಂಡವರು, ಏದುಸಿರು ಅಥವಾ ಬಿಡದ ಕೆಮ್ಮು ಇದ್ದಲ್ಲಿ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೊಳವೆಯೊಂದರಲ್ಲಿ ಜೋರಾಗಿ ಉಸಿರೂದುವ ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಶ್ವಾಸಕೋಶದ ಹಗೇವಿನಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಅದು ತೋರಿಸುತ್ತದೆ. ಇನ್‌ಹೇಲರ್ ಬಗ್ಗೆ ‘ಒಮ್ಮೆ ಹಿಡಿದರೆ ಚಟವಾಗುತ್ತದೆ’ ಎಂಬ ತಪ್ಪು ತಿಳಿವಳಿಕೆಯಿದೆ. ಅದು ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ನೇರವಾಗಿ ಉಸಿರಿನ ದಾರಿಗೇ ಮುಟ್ಟಿಸುವ ಸಾಧನ. ವೈದ್ಯರ ಮಾತಿಲ್ಲದೆ ಅದನ್ನು ನಿಲ್ಲಿಸಬಾರದು. ನಿಧಾನವಾಗಿ ಮೂಗಿನಿಂದ ಉಸಿರೆಳೆದು, ದೀಪವನ್ನು ಆರಿಸದೆ ಅಲುಗಿಸುವಂತೆ ತುಟಿ ಕಿರಿದಾಗಿಸಿ ಮೆಲ್ಲನೆ ಹೊರಬಿಡುವ ಅಭ್ಯಾಸವು ಏದುಸಿರಿರುವವರಿಗೆ ಬಹಳ ನೆರವಾಗುತ್ತದೆ. ನಿತ್ಯದ ನಡಿಗೆಯೂ ಪ್ರಾಣಾಯಾಮವೂ ಉಸಿರಿನ ಸ್ನಾಯುಗಳನ್ನು ಬಲಪಡಿಸುತ್ತವೆ. ಅವು ಚಿಕಿತ್ಸೆಗೆ ಜೊತೆಯಾಗಲಿ, ಬದಲಿಯಾಗದಿರಲಿ.

ದಾಸೋಹದ ಒಲೆಯ ಬಳಿ

ಕೊನೆಯದಾಗಿ, ಮಠಗಳ ದಾಸೋಹದ ಮನೆಯನ್ನು ನೆನೆಯೋಣ. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನರಿಗೆ ಪ್ರಸಾದ ಸಿದ್ಧಪಡಿಸುವ ಕೈಗಳು ನಸುಕಿನಿಂದ ನಡುರಾತ್ರಿಯವರೆಗೆ ದೊಡ್ಡ ಒಲೆಗಳ ಮುಂದೆ ಇರುತ್ತವೆ. ನಾವು ಪಂಕ್ತಿಯಲ್ಲಿ ಕುಳಿತು ಉಣ್ಣುವ ಹೊತ್ತಿನಲ್ಲಿ ಅವರು ಹೊಗೆಯೊಳಗೆ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಆ ಮನೆಗಳಿಗೆ ಎತ್ತರದ ಹೊಗೆಕೊಳವೆ, ಗಾಳಿಯಾಡುವ ಕಿಟಕಿ, ಸಾಧ್ಯವಾದಲ್ಲಿ ಅನಿಲ ಅಥವಾ ಹಬೆಯ ಅಡುಗೆ ವ್ಯವಸ್ಥೆ ಮಾಡಿಸುವುದು ಭಕ್ತರು ಸಲ್ಲಿಸಬಹುದಾದ ಉತ್ತಮ ಸೇವೆಗಳಲ್ಲೊಂದು. ಅನ್ನ ನೀಡುವವರ ಉಸಿರನ್ನು ಕಾಯುವುದೂ ದಾಸೋಹವೇ.

ಮುಂದಿನ ಸಲ ಮಠಕ್ಕೆ ಬರುವಾಗ ನಿಮ್ಮ ಮನೆಯ ಹಿರಿಯರ ಜೊತೆಯಲ್ಲಿ ಮೆಟ್ಟಿಲು ಹತ್ತಿರಿ. ಅವರು ನಡುವೆ ನಿಂತರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿರಿ. ಎಂದಿನಿಂದ ಹೀಗಾಗುತ್ತಿದೆ ಎಂದು ಕೇಳಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ನಮಗಾಗಿ ಒಲೆಯ ಮುಂದೆ ಉಸಿರು ಸವೆಸಿದವರಿಗೆ ನಾವು ಸಲ್ಲಿಸಬೇಕಾದ ಋಣವದು.